ಹನುಮಂತಮ್ಮನ ಕ್ಯಾಲೆಂಡರು

ಗುಬ್ಬಿಯ ಆ ಮನೆಯಲ್ಲಿ ಯಾವುದು ಯಾವಾಗ ಆಯಿತು ಎನ್ನುವುದನ್ನು ಅಡುಗೆಮನೆಯ ಗೋಡೆ ಹೇಳುತ್ತಿತ್ತು. ಫ್ರಿಜ್ಜಿನ ಪಕ್ಕದ ಮೊಳೆಗೆ ದೊಡ್ಡಕ್ಷರದ ಕ್ಯಾಲೆಂಡರು, ಅದಕ್ಕೆ ದಾರ ಕಟ್ಟಿದ ಮೋಟು ಪೆನ್ಸಿಲ್ಲು. ಹೊಸ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೆ 'ಗ್ಯಾ', ಕಡಬದ ತೋಟದಲ್ಲಿ ಕಾಯಿ ಕೀಳಿಸಿದ ದಿನಕ್ಕೆ 'ಕಾ', ಅಮಾವಾಸ್ಯೆಗೆ ಅಚ್ಚಿನವರೇ ಹಾಕಿದ ಕಪ್ಪು ವೃತ್ತ. ಇವುಗಳ ನಡುವೆ ತಿಂಗಳಿಗೊಂದು ಸಣ್ಣ ಚುಕ್ಕೆ. ಅದಕ್ಕೆ ಅಕ್ಷರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದು ಸೊಸೆ ಬಿಂದುಶ್ರೀ ಹೊರಗಾದ ದಿನ.

ಹೊರಗಾದರೆ ಹಿತ್ತಲ ಬಾಗಿಲ ಪಕ್ಕದ ವರಾಂಡದಲ್ಲಿ ಈಚಲು ಚಾಪೆ ಹಾಸಿಕೊಂಡು ಮೂರು ದಿನ ಇರಬೇಕು. ತಟ್ಟೆ, ಲೋಟ ಬೇರೆ. ಹನುಮಂತಮ್ಮನೂ ತಮ್ಮ ಕಾಲದಲ್ಲಿ ಹಾಗೆಯೇ ಇದ್ದವರು, ಅವರ ಅತ್ತೆಯೂ ಇದ್ದವರು. ಬಿಂದುಶ್ರೀ ಮಾತ್ರ ಆ ಮೂರು ದಿನವೂ ಬೆಳಿಗ್ಗೆ ಎದ್ದು, ತುಮಕೂರಿನ ಬಿ.ಹೆಚ್. ರಸ್ತೆಯ ಕನ್ನಡಕದಂಗಡಿಗೆ ಕೆಲಸಕ್ಕೆ ಹೋಗಿ, ಸಂಜೆ ಬಂದು ಮತ್ತೆ ಚಾಪೆಯ ಮೇಲೆ ಕೂರುತ್ತಿದ್ದಳು. "ಅಂಗಡೀಲಿ ಐವತ್ತು ಜನರ ಮುಖ ಮುಟ್ಟಿ ಕನ್ನಡಕ ಹಾಕಿ ಬಂದಿದೀನಿ ಅತ್ತೆ. ಇಲ್ಲಿ ಕರಿಬೇವು ಮುಟ್ಟಂಗಿಲ್ಲ," ಎಂದು ಒಮ್ಮೆ ನಕ್ಕಿದ್ದಳು. ಹನುಮಂತಮ್ಮ ನಕ್ಕಿರಲಿಲ್ಲ. ಆದರೆ ಆ ದಿನ ಅವಳ ತಟ್ಟೆಗೆ ತುಪ್ಪ ಒಂದು ಚಮಚ ಜಾಸ್ತಿಯೇ ಬಿದ್ದಿತ್ತು.

ಮದುವೆಯಾಗಿ ಮೂರು ವರ್ಷ. ಈ ಸಲ ಮಹಾಶಿವರಾತ್ರಿ ಕಳೆದು ಬಿದ್ದ ಚುಕ್ಕೆಯೇ ಕಡೆಯದು. ಯುಗಾದಿ ಹೋಯಿತು, ರಾಮನವಮಿಯ ಪಾನಕ ಮುಗಿಯಿತು, ಚಾಪೆ ಸುತ್ತಿದಂತೆಯೇ ಗೋಡೆಗೆ ಒರಗಿತ್ತು. ಹೋದ ವರ್ಷ ಒಮ್ಮೆ ಐವತ್ತು ದಿನವಾದಾಗ ಹನುಮಂತಮ್ಮ ಬಾಯಿ ಕಟ್ಟಿಕೊಂಡು ಕಾದಿದ್ದರು. ಐವತ್ತೊಂದನೆಯ ದಿನ ಚಾಪೆ ಹಾಸಿತ್ತು. ಈ ಸಲ ಹಾಗಾಗಲಾರದು ಎಂದು ಅವರಿಗೆ ಗಟ್ಟಿಯಾಗಿ ಅನ್ನಿಸಿತು. ಅರವತ್ತೇಳನೆಯ ದಿನ ಪೆನ್ಸಿಲ್ಲಿನ ತುದಿಯಿಂದ ಮನೆಗಳನ್ನು ಇನ್ನೊಂದು ಸಲ ಎಣಿಸಿದರು. ಸೊಸೆಯನ್ನು ಕೇಳಲಿಲ್ಲ. ಕೇಳುವುದೇನಿದೆ, ಗೋಡೆಯ ಮೇಲೇ ಇದೆಯಲ್ಲ!

ಆ ವಾರವೆಲ್ಲ ಅವಳಿಗೆ ನೀರಿನ ಬಿಂದಿಗೆ ಎತ್ತಲು ಬಿಡಲಿಲ್ಲ. ಬುತ್ತಿಯ ಡಬ್ಬಿಗೆ ಮಾವಿನಕಾಯಿ ಚಿತ್ರಾನ್ನ ತುಂಬಿದರು. ಕೊನೆಗೆ ತಡೆಯಲಾರದೆ ಕಡಬದಲ್ಲಿದ್ದ ಗಂಡನ ಅಕ್ಕ ಸಿದ್ದಲಕ್ಷ್ಮಮ್ಮನಿಗೆ ಫೋನು ಮಾಡಿದರು.

"ಅಕ್ಕಾ, ಯಾರಿಗೂ ಹೇಳ್ಬೇಡಿ."

"ನಾನ್ಯಾಕವ್ವ ಹೇಳಾನ? ನನ್ ಬಾಯೇನು ಡಂಗುರವಾ?"

ಎರಡು ದಿನದಲ್ಲಿ ಅರ್ಧ ಕಡಬಕ್ಕೆ ಗೊತ್ತಾಗಿತ್ತು.

ಶುಕ್ರವಾರ ಸಂಜೆ ಬಿಂದುಶ್ರೀ ಬಸ್ಸಿಳಿದು ಮನೆಗೆ ಬಂದಾಗ ಬಾಗಿಲಲ್ಲಿ ಐದು ಜೊತೆ ಚಪ್ಪಲಿ ಇದ್ದವು. ನಡುಮನೆಯಲ್ಲಿ ಮಣೆ ಹಾಕಿತ್ತು. ಆರತಿ ತಟ್ಟೆ, ಕೊಬ್ಬರಿ ಮಿಠಾಯಿ, ಎರಡು ಡಜನ್ ಹಸಿರು ಬಳೆ. ಸಿದ್ದಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತರು.

"ಬಾರವ್ವ ಬಾ. ಮಣೆ ಮೇಲೆ ಕೂತ್ಕೊ. ಇಷ್ಟ್ ದಿನ ಮುಚ್ಚಿಟ್ಕೊಂಡಿದ್ದೆ, ಕಳ್ಳಿ!"

"ಏನ್ ಮುಚ್ಚಿಟ್ಟೆ ದೊಡ್ಡತ್ತೆ?"

"ಏನೂ ತಿಳೀದೋಳಂಗೆ ಕೇಳ್ತಾಳಲ್ಲ ನೋಡ್ರವ್ವ! ಅರವತ್ತೇಳ್ ದಿನ ಅಂತೆ!"

ಬಿಂದುಶ್ರೀ ಅತ್ತೆಯ ಕಡೆ ನೋಡಿದಳು. ಆಮೇಲೆ ತೆರೆದಿದ್ದ ಅಡುಗೆಮನೆಯ ಬಾಗಿಲಿನಿಂದ ಕಾಣುತ್ತಿದ್ದ ಕ್ಯಾಲೆಂಡರಿನ ಕಡೆ ನೋಡಿದಳು. ಹೆಗಲ ಬ್ಯಾಗು ಇಳಿಸಿ ಮಣೆಯ ಪಕ್ಕ ಇಟ್ಟಳು, ಕೂರಲಿಲ್ಲ.

"ಬಳೆ ಚೆನ್ನಾಗಿವೆ ದೊಡ್ಡತ್ತೆ, ಹಾಕ್ಕೊಂತೀನಿ. ಹಸಿರು ನಂಗಿಷ್ಟ. ಆದ್ರೆ ನಾನು ಬಸುರಿ ಅಲ್ಲ. ಎರಡು ಸಲ ಟೆಸ್ಟ್ ಮಾಡ್ಕೊಂಡಿದೀನಿ. ತುಮಕೂರಲ್ಲಿ ಡಾಕ್ಟ್ರಿಗೆ ತೋರ್ಸಿದೀನಿ, ಸ್ಕ್ಯಾನಿಂಗೂ ಆಗಿದೆ. ನಂಗಿರೋದು ಪಿಸಿಓಎಸ್."

ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಮುದುಕಿಯೊಬ್ಬಳು ಕತ್ತು ಮುಂದೆ ಚಾಚಿ, "ಅದು ಗಂಡಾ ಹೆಣ್ಣಾ ಮಗ?" ಎಂದಳು.

ಮೊದಲು ನಕ್ಕವಳು ಬಿಂದುಶ್ರೀಯೇ. ಜೋರಾಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆ ನೀರು ನಗುವಿನದಷ್ಟೇ ಅಲ್ಲ ಎಂದು ಹನುಮಂತಮ್ಮನಿಗೆ ತಿಳಿಯಿತು. ಆದರೂ ಅವರ ಕಿವಿಯಲ್ಲಿ ಆಗ ಕೂಗುತ್ತಿದ್ದುದು ತಮ್ಮದೇ ಅವಮಾನ.

ಮಗ ನಾಗೇಶ್ ಹಿರೇಹಳ್ಳಿಯ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುವ ಹೊತ್ತಿಗೆ ನೆಂಟರು ಹೊರಟಾಗಿತ್ತು. ಆರತಿ ತಟ್ಟೆಯ ಕುಂಕುಮದ ನೀರು ಹಾಗೆಯೇ ಇತ್ತು. ಹನುಮಂತಮ್ಮ ಅವನ ಮುಂದೆ ಊಟದ ತಟ್ಟೆಯನ್ನು ಸದ್ದು ಮಾಡಿ ಇಟ್ಟರು.

"ಏನ್ಲಾ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ. ಹೋದ ವಾರ ರಿಪೋರ್ಟ್ ಬಂತು. ನಿಧಾನಕ್ಕೆ ಹೇಳಾಣ ಅಂತ..."

"ನಿಧಾನಕ್ಕೆ! ಕಡಬದ ಮುಂದೆ ನನ್ನ ಮಾನ ಹೋದ್ಮೇಲೆ ಹೇಳಾಣ ಅಂತಿದ್ದಾ?" ಸೊಸೆಯ ಕಡೆ ತಿರುಗಿದರು. "ನೀನಾದ್ರೂ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಅತ್ತೆ," ಬಿಂದುಶ್ರೀ ಮುದ್ದೆ ಮುರಿಯುತ್ತಾ ಹೇಳಿದಳು. "ನಾನು ದಿನಾ ನಿಮ್ಮ ಎದುರಿಗೇ ಇದ್ದೆ. ನೀವು ನನ್ನ ಕೇಳ್ಲಿಲ್ಲ, ಗೋಡೆ ಕೇಳಿದ್ರಿ."

ಮಾವ ಪುಟ್ಟರಂಗಯ್ಯ ಸಾರಿಗೆ ಕೈ ಚಾಚಿದವರು ಅಲ್ಲೇ ನಿಲ್ಲಿಸಿದರು. ಆ ಮನೆಯಲ್ಲಿ ಅವರು ಮಾತಾಡುವುದೇ ಕಡಿಮೆ. "ಅದೇನವ್ವ ಆ ಕಾಯಿಲೆ? ನಂಗರ್ಥ ಆಗೋ ಹಂಗೆ ಹೇಳು," ಎಂದರು.

ಇಂಥ ಮಾತನ್ನು ಮಾವನ ಮುಂದೆ ಆಡುವುದೇ ಎಂದು ಹನುಮಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಬಿಂದುಶ್ರೀ ಮಾವನ ಕಡೆಗೇ ತಿರುಗಿದಳು.

"ತೋಟದಲ್ಲಿ ಕೆಲವು ತೆಂಗಿನ ಮರ ಹೊಂಬಾಳೆ ಬಿಡುತ್ತೆ, ಎಳೆಕಾಯಿ ಹರಳೂ ಕಟ್ಟುತ್ತೆ, ಆದ್ರೆ ಬಲಿಯಲ್ಲ ಅಲ್ವಾ ಮಾವ? ಹಂಗೆ. ಮೈಯಲ್ಲಿ ಹಾರ್ಮೋನು ಏರುಪೇರಾಗುತ್ತೆ, ಅಂಡ ಬಲಿಯಲ್ಲ, ತಿಂಗಳು ತಪ್ಪುತ್ತೆ. ಹತ್ತು ಹೆಂಗಸ್ರಲ್ಲಿ ಒಬ್ಬರಿಗಾದ್ರೂ ಇರುತ್ತೆ ಅಂದ್ರು ಡಾಕ್ಟ್ರು. ಬಂಜೆತನ ಅಲ್ಲ. ಈಗ ಮಾತ್ರೆ ಕೊಟ್ಟು ತಿಂಗಳು ತರಿಸ್ತಾರೆ. ಆಮೇಲೆ ಊಟ ಸರಿ ಮಾಡ್ಕೊಂಡು, ದಿನಾ ಮುಕ್ಕಾಲು ಗಂಟೆ ನಡೀಬೇಕು. ತಿಂಗಳು ತಾನಾಗೇ ಎರಡು ಸಲ ಸರಿಯಾಗಿ ಬಂದ್ರೆ, ಅಂಡ ಬಲಿಯೋ ಮಾತ್ರೆ ಶುರು ಮಾಡ್ತಾರೆ. ನಂಗೂ ಮಗು ಬೇಕು ಮಾವ. ಎಲ್ಲರಿಗಿಂತ ಜಾಸ್ತಿ ನಂಗೇ ಬೇಕು. ಆರು ತಿಂಗಳು ನನ್ನ ಪಾಡಿಗೆ ಬಿಟ್ಟುಬಿಡಿ."

ಪುಟ್ಟರಂಗಯ್ಯ ತಟ್ಟೆ ನೋಡುತ್ತಲೇ ಹೇಳಿದರು. "ಅಂಥ ಮರಕ್ಕೆ ಉಪ್ಪು, ಬೂದಿ ಹಾಕಿ ನೀರು ಕೊಡ್ತೀವಿ. ಕಡಿಯಲ್ಲ."

ಮರುದಿನದಿಂದ ಆ ಮನೆಯ ಜಗಳವೆಲ್ಲ ಊಟದ ಮೇಲೆ ಬಂತು. ಬಿಂದುಶ್ರೀ ಬೆಳಿಗ್ಗೆಯ ಕಾಫಿಗೆ ಸಕ್ಕರೆ ಬೇಡವೆಂದಳು. ಅನ್ನ ಒಂದೇ ಸೌಟು, ಮುದ್ದೆ ಅರ್ಧ, ಸೊಪ್ಪು ಮತ್ತು ಮೊಳಕೆ ಕಾಳಿನ ಪಲ್ಯ ತಟ್ಟೆ ತುಂಬ. ಮೊದಲ ಭಾನುವಾರ ಹನುಮಂತಮ್ಮ ಒಬ್ಬಟ್ಟು ಮಾಡಿದ್ದರು. ಅವಳು ಅರ್ಧ ಮುರಿದು ಉಳಿದರ್ಧ ವಾಪಸು ಇಟ್ಟಳು.

"ನನ್ ಕೈಯಡುಗೆ ಅಷ್ಟು ಕೆಟ್ಟೋಯ್ತಾ?"

"ಚೆನ್ನಾಗಿರೋದಕ್ಕೇ ಅರ್ಧ ಅತ್ತೆ. ಕೆಟ್ಟಿದ್ರೆ ಪೂರ್ತಿ ಬಿಡ್ತಿದ್ದೆ."

"ನಮ್ ಕಾಲ್ದಲ್ಲಿ ಎರಡೆರಡು ಮುದ್ದೆ ತಿಂದೇ ಹೆತ್ತಿದ್ದು."

"ನೀವು ಎರಡು ಮುದ್ದೆ ತಿಂದು ದಿನಾ ತೋಟಕ್ಕೆ ನಡ್ಕೊಂಡು ಹೋಗ್ತಿದ್ರಿ. ನಾನು ಬಸ್ಸಲ್ಲಿ ಕೂತು ಹೋಗಿ, ಅಂಗಡೀಲಿ ಕೂತು, ಬಸ್ಸಲ್ಲಿ ಕೂತು ಬರ್ತೀನಿ."

ಹನುಮಂತಮ್ಮ ಉಳಿದ ಅರ್ಧ ಒಬ್ಬಟ್ಟನ್ನು ತಾವೇ ತಿಂದರು.

ನಡಿಗೆಯದು ಇನ್ನೊಂದು ರಾದ್ಧಾಂತ. ಸೊಸೆ ಶೂ ಹಾಕಿಕೊಂಡು, ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಬೆಳಿಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ಒಬ್ಬಳೇ ಹೊರಟರೆ ಬೀದಿಯಲ್ಲಿ ನೀರು ಹಿಡಿಯುವವರೆಲ್ಲ ಕೊಡ ಬಿಟ್ಟು ನೋಡುತ್ತಿದ್ದರು. ಮೂರನೆಯ ದಿನ ಹನುಮಂತಮ್ಮ ಬಾಗಿಲಲ್ಲಿ ಅಡ್ಡ ನಿಂತರು.

"ನೋಡಿದೋರು ಏನಂದ್ಕೊಂತಾರೆ?"

"ಅಂದ್ಕೊಳ್ಲಿ ಅತ್ತೆ. ಯಾರಾದ್ರೂ ಕೇಳಿದ್ರೆ ಪಿಸಿಓಎಸ್‌ಗೆ ನಡೀತಿದಾಳೆ ಅನ್ನಿ. ನಾನೇನು ಕದ್ದು ಓಡ್ತಿಲ್ಲ."

ಮರುದಿನ ಪುಟ್ಟರಂಗಯ್ಯ ಯಾರಿಗೂ ಏನೂ ಹೇಳದೆ ತಲೆಗೆ ಟವೆಲ್ಲು ಸುತ್ತಿ, ಕೈಯಲ್ಲಿ ಬೆತ್ತ ಹಿಡಿದು, ಸೊಸೆಗಿಂತ ಇಪ್ಪತ್ತು ಹೆಜ್ಜೆ ಮುಂದೆ ಏರಿಯ ಮೇಲೆ ನಡೆಯುತ್ತಿದ್ದರು. ಬೀದಿನಾಯಿ ಬಂದರೆ ಬೆತ್ತ ಎತ್ತುತ್ತಿದ್ದರು. ಅವಳ ಜೊತೆ ಮಾತಿಲ್ಲ, ತಿರುಗಿ ನೋಡುವುದೂ ಇಲ್ಲ. ಅವಳು ಬಿರುಸಾಗಿ ನಡೆದು ಹತ್ತಿರ ಬಂದರೆ ಇವರೂ ಬಿರುಸಾಗುತ್ತಿದ್ದರು. ಮಂಡಿ ನೋವು ಎಂದು ಹತ್ತು ವರ್ಷದಿಂದ ಸಂತೆಗೂ ಹೋಗದ ಮನುಷ್ಯ. ಹನುಮಂತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಆ ದಿನ ಇಬ್ಬರಿಗೂ ಸಕ್ಕರೆಯಿಲ್ಲದ ಕಾಫಿ ಕಾದಿತ್ತು. ಪುಟ್ಟರಂಗಯ್ಯ ಒಂದು ಗುಟುಕು ಕುಡಿದು ಮುಖ ಹಿಂಡಿದರು. ಲೋಟ ಮಾತ್ರ ಖಾಲಿ ಮಾಡಿದರು.

ಐದನೆಯ ವಾರ ಸಿದ್ದಲಕ್ಷ್ಮಮ್ಮ ಮತ್ತೆ ಬಂದರು. ಕುಣಿಗಲ್ ಕಡೆ ಒಬ್ಬರು ನಾಟಿ ಔಷಧಿ ಕೊಡುತ್ತಾರಂತೆ. ಯಡಿಯೂರಿಗೆ ದೇವರಿಗೆ ಹೋದವರಿಗೆ ಅಲ್ಲಿ ಯಾರೋ ಹೇಳಿದರಂತೆ. ನಲವತ್ತೆಂಟು ದಿನ ಬರೀ ಹೊಟ್ಟೆಗೆ ಪುಡಿ. ಇಂಗ್ಲಿಷ್ ಮಾತ್ರೆ ಪೂರ್ತಿ ಬಿಡಬೇಕು. ಪೊಟ್ಟಣವನ್ನು ತಂದೇ ಬಿಟ್ಟಿದ್ದರು, ಹಳೇ ಪೇಪರಿನಲ್ಲಿ ಸುತ್ತಿ.

"ಬೇಡ ದೊಡ್ಡತ್ತೆ. ಅದ್ರಲ್ಲಿ ಏನಿದೆ ಅಂತ ನಂಗೆ ಗೊತ್ತಿಲ್ಲ."

"ಆ ಮಾತ್ರೇಲಿ ಏನೈತೆ ಅಂತ ನಿಂಗೊತ್ತಾ?"

"ಗೊತ್ತು. ಡಬ್ಬಿ ಮೇಲೆ ಬರ್ದಿರುತ್ತೆ, ಓದೋಕೆ ಬರುತ್ತೆ ನಂಗೆ."

ಸಿದ್ದಲಕ್ಷ್ಮಮ್ಮನ ಮುಖ ಕೆಂಪಾಯಿತು. ತಮ್ಮನ ಕಡೆ ತಿರುಗಿದರು. "ನೋಡಪ್ಪ ಪುಟ್ಟರಂಗ, ನಾನು ಒಳ್ಳೇದ್ ಹೇಳಕ್ ಬಂದೆ. ನಾಗೇಶನಿಗಿನ್ನೂ ಮೂವತ್ತೆರಡು. ಗಂಡಸು. ನಾಳೆ ಏನಾರ ಬೇರೆ ಯೋಚ್ನೆ ಮಾಡ್ಬೇಕಾಗಿ ಬಂದ್ರೆ..."

"ಮೊದ್ಲು ಅವ್ರದೂ ಟೆಸ್ಟ್ ಆಗ್ಲಿ ದೊಡ್ಡತ್ತೆ," ಬಿಂದುಶ್ರೀ ಎಂದಳು. "ಇಬ್ಬರದೂ ನೋಡ್ಬೇಕು ಅಂದಿದಾರೆ ಡಾಕ್ಟ್ರು. ಐದು ವಾರದಿಂದ ಹೇಳ್ತಿದೀನಿ."

ರಜೆಯ ದಿನವೆಂದು ಮನೆಯಲ್ಲಿದ್ದ ನಾಗೇಶ್ ಟಿವಿಯ ಮುಂದಿನಿಂದ ತಲೆ ಎತ್ತಿದ.

"ನಂಗೇನಾಗಿದೆ?"

"ನಂಗೂ ಏನೂ ಆಗಿರ್ಲಿಲ್ಲ ರೀ, ರಕ್ತ ಕೊಡೋವರ್ಗೂ."

"ಹಿರೇಹಳ್ಳೀಲಿ ಗೊತ್ತಾದ್ರೆ ನಗ್ತಾರೆ ಕಣೇ. ಮೆಡಿಕಲ್ ರಜಾ ಯಾಕೆ ಅಂತ ಕೇಳ್ತಾರೆ."

"ನನ್ನ ಮುಟ್ಟಿನ ದಿನ ಕಡಬಕ್ಕೆ ಕಡಬನೇ ಎಣಿಸಿದೆ. ನಿಮ್ಮ ಫ್ಯಾಕ್ಟ್ರಿ ಏನು ಅದಕ್ಕಿಂತ ದೊಡ್ಡದಾ?"

ಸಿದ್ದಲಕ್ಷ್ಮಮ್ಮ ಊಟ ಮಾಡದೆ ಹೊರಟರು. ಹೊರಡುವಾಗ ಪೊಟ್ಟಣವನ್ನು ಹನುಮಂತಮ್ಮನ ಕೈಗೆ ತುರುಕಿ ಮೆಲ್ಲಗೆ ಹೇಳಿದರು. "ರಾಗಿ ಗಂಜೀಲಿ ಬೆರ್ಸಿ ಕೊಡು. ರುಚಿ ಗೊತ್ತಾಗಲ್ಲ. ನಿನ್ ವಂಶ ಕಣೇ ಹನುಮಂತಿ, ನಿನ್ ಕೈಯಲ್ಲೈತೆ."

ಪೊಟ್ಟಣ ಎರಡು ದಿನ ಸಾಸಿವೆ ಡಬ್ಬಿಯ ಹಿಂದೆ ಕೂತಿತ್ತು. ಮೂರನೆಯ ಬೆಳಿಗ್ಗೆ ಸೊಸೆ ಏರಿಯ ಮೇಲೆ ನಡೆಯಲು ಹೋಗಿದ್ದಾಗ ಹನುಮಂತಮ್ಮ ಅದನ್ನು ಬಿಚ್ಚಿದರು. ಬೂದಿ ಬಣ್ಣದ ಪುಡಿ, ಹಳಸಿದ ವಾಸನೆ. ಚಮಚದಲ್ಲಿ ತೆಗೆದು ಸೊಸೆಯ ಗಂಜಿ ಲೋಟದ ಮೇಲೆ ಹಿಡಿದರು. ಕೈ ಮುಂದೆ ಹೋಗಲಿಲ್ಲ. ಕುಣಿಗಲ್‌ನಿಂದ ಈ ಹುಡುಗಿಯನ್ನು ತಂದಾಗ ಅವಳ ಅಮ್ಮ ಶಾಂತಲಾ, ಮದುವೆಯ ಮಂಟಪದಲ್ಲೇ ಕೈ ಹಿಡಿದುಕೊಂಡು, "ಊಟದಲ್ಲಿ ಖಾರ ಆಗಲ್ಲ ಇವಳಿಗೆ, ಸ್ವಲ್ಪ ನೋಡ್ಕೊಳಿ," ಎಂದಿದ್ದಳು. ಅಷ್ಟೇ ಕೇಳಿಕೊಂಡಿದ್ದು. ಹೆಚ್ಚುಕಮ್ಮಿಯಾದರೆ? ಮೊದಲು ತಾವೇ ತಿಂದು ನೋಡಿದರೆ ಏನು ಎಂದು ಹನುಮಂತಮ್ಮನಿಗೆ ಅನ್ನಿಸಿತು. ಚಮಚವನ್ನು ಬಾಯಿಗೆ ಹಾಕಿಕೊಂಡು ಒಂದು ಲೋಟ ನೀರು ಕುಡಿದರು.

ಒಂಬತ್ತು ಗಂಟೆಗೆ ಹೊಟ್ಟೆ ನುಲಿಯಲು ಶುರುವಾಯಿತು. ಹತ್ತಕ್ಕೆ ಬಚ್ಚಲಿನಿಂದ ಎದ್ದು ಬರಲಾಗಲಿಲ್ಲ. ಬಸ್ ಸ್ಟ್ಯಾಂಡ್ ತಲುಪಿದ್ದ ಬಿಂದುಶ್ರೀ ಮಾವನ ಫೋನು ಬಂದು ವಾಪಸು ಓಡಿಬಂದಳು. ಅಂಗಡಿಗೆ ರಜೆ ಹೇಳಿದಳು. ಸಕ್ಕರೆ ಉಪ್ಪಿನ ನೀರು ಕುಡಿಸಿದಳು, ಸೀರೆ ಬದಲಾಯಿಸಿದಳು, ಬಚ್ಚಲು ತೊಳೆದಳು. ಮಧ್ಯಾಹ್ನ ಹೊಟ್ಟೆ ಸ್ವಲ್ಪ ತಣ್ಣಗಾದ ಮೇಲೆ ಮಜ್ಜಿಗೆ ಅನ್ನ ಕಲಸಿ ತರಲು ಅಡುಗೆಮನೆಗೆ ಹೋದವಳು ಒಲೆಯ ಪಕ್ಕ ಬಿಚ್ಚಿಟ್ಟ ಪೊಟ್ಟಣ ನೋಡಿದಳು.

ಹನುಮಂತಮ್ಮ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಬೈಗುಳಕ್ಕೆ ಕಾದರು.

"ಅತ್ತೆ," ಬಿಂದುಶ್ರೀ ಪಕ್ಕದಲ್ಲಿ ಕೂತಳು. "ನಿಮಗೂ ಒಂದು ಮಗು ಬೇಕಿತ್ತಾ?"

ಹನುಮಂತಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಟ್ಟೆ ಮತ್ತೆ ಹಿಂಡುತ್ತಿತ್ತು. "ಸುಮ್ನಿರೇ, ನಿನ್ನ ಗಂಟು ಹೋಗ, ನಗಿಸ್ಬೇಡ," ಎಂದರು. ಆಮೇಲೆ ಕಣ್ಣು ಒರೆಸಿಕೊಂಡು, "ನಿನ್ ಲೋಟಕ್ಕೆ ಹಾಕಕ್ಕೇ ತೆಗ್ದಿದ್ದೆ," ಎಂದು ಇದ್ದದ್ದು ಇದ್ದಂತೆ ಹೇಳಿದರು.

ಬಿಂದುಶ್ರೀ ಎದ್ದು ಹೋಗಿ ಪುಡಿಯನ್ನು ಬಚ್ಚಲಿಗೆ ಸುರಿದು, ಪೇಪರನ್ನು ಮುದುರಿ ಎಸೆದು ಬಂದಳು.

"ಇನ್ನೊಂದು ಸಲ ನನ್ನ ತಟ್ಟೆಗೆ ಏನಾದ್ರೂ ಹಾಕೋ ಹಂಗಿದ್ರೆ ನಂಗೆ ಹೇಳಿ ಹಾಕಿ. ಇಲ್ಲಾಂದ್ರೆ ನಾನು ಈ ಮನೇಲಿ ಊಟ ಮಾಡಲ್ಲ. ಇದು ತಮಾಷೆ ಅಲ್ಲ ಅತ್ತೆ." ಮಜ್ಜಿಗೆ ಅನ್ನದ ಬಟ್ಟಲನ್ನು ಅವರ ಕೈಗಿಟ್ಟಳು. "ಸೋಮವಾರ ನಂಗೆ ಡಾಕ್ಟ್ರ ಹತ್ರ ಹೋಗೋದಿದೆ. ನೀವೂ ಬನ್ನಿ. ನಿಮಗೇನು ಕೇಳ್ಬೇಕೋ ಅವ್ರನ್ನೇ ಕೇಳಿ."

ಸೋಮವಾರ ಹನುಮಂತಮ್ಮ ಒಳ್ಳೆಯ ಸೀರೆ ಉಟ್ಟರು. ಹೊರಡುವ ಮೊದಲು ಅಟ್ಟದ ಮೇಲಿದ್ದ ಹಳೆಯ ಕ್ಯಾಲೆಂಡರುಗಳ ಸುರುಳಿ ಇಳಿಸಿ, ಗೋಡೆಯ ಮೇಲಿನದನ್ನೂ ಬಿಚ್ಚಿ ಸೇರಿಸಿ, ಬಟ್ಟೆಯ ಚೀಲಕ್ಕೆ ಹಾಕಿಕೊಂಡರು. ಬಸ್ಸಿನಲ್ಲಿ ಸೊಸೆ ಏನದು ಎಂದರೆ, "ಇರ್ಲಿ ಬುಡು," ಎಂದರು.

ತುಮಕೂರಿನ ಆ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನಡುವಯಸ್ಸಿನವರು, ಮಾತು ಚುಟುಕು. "ಹಿಂದೆ ಎಷ್ಟೆಷ್ಟು ದಿನಕ್ಕೆ ಆಗ್ತಿತ್ತು? ಜ್ಞಾಪಕ ಇರೋಷ್ಟು ಹೇಳಿ," ಎಂದರು. ಬಿಂದುಶ್ರೀ ಲೆಕ್ಕ ಹಾಕುತ್ತಿದ್ದಂತೆ ಹನುಮಂತಮ್ಮ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿದರು. ಡಾಕ್ಟರಮ್ಮ ಕನ್ನಡಕ ಏರಿಸಿ ಪುಟ ತಿರುವಿದರು. ಮೊದಲ ವರ್ಷ ಮೂವತ್ತು, ಮೂವತ್ತೆರಡು. ಎರಡನೆಯ ವರ್ಷ ಮೂವತ್ತೆಂಟು, ನಲವತ್ತೊಂದು. ಆಮೇಲೆ ಐವತ್ತು. ಆಮೇಲೆ ಬಿಳಿ ಮನೆಗಳು.

"ಇದು ಯಾರು ಬರ್ದಿದ್ದು?"

"ನಾನೇ ಕಣವ್ವ."

"ಇಷ್ಟು ಸರಿಯಾಗಿ ಬರೆದಿಟ್ಕೊಂಡು ಬಂದೋರನ್ನ ನಾನು ನೋಡಿಲ್ಲ. ನೋಡಿ, ಎರಡು ವರ್ಷದಿಂದಲೇ ದೂರ ದೂರ ಆಗ್ತಾ ಬಂದಿದೆ. ಆಗ್ಲೇ ಕರ್ಕೊಂಡು ಬಂದಿದ್ರೆ ಇನ್ನೂ ಸುಲಭ ಆಗ್ತಿತ್ತು."

ಹನುಮಂತಮ್ಮ ಮೇಜಿನ ಮೇಲಿನ ಹಾಳೆಗಳನ್ನು ನೋಡಿದರು. ಪ್ರತಿಯೊಂದು ಚುಕ್ಕೆಯನ್ನೂ ಅವರೇ ಇಟ್ಟಿದ್ದು. ಇಡುವಾಗೆಲ್ಲ 'ಈ ತಿಂಗಳೂ ಹೋಯಿತು' ಎಂದು ನಿಟ್ಟುಸಿರು ಬಿಟ್ಟಿದ್ದರೇ ಹೊರತು, ಹುಡುಗಿಗೆ ಏನೋ ಆಗುತ್ತಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಾ, ಚೀಲದಿಂದ ದಾರ ಕಟ್ಟಿದ ಪೆನ್ಸಿಲ್ಲನ್ನು ತೆಗೆದು ಸೊಸೆಯ ಕೈಗಿಟ್ಟರು.

"ಇನ್ಮೇಲೆ ನೀನೇ ಬರ್ಕೊ. ಬೇಕಂದ್ರೆ ಬರಿ, ಬ್ಯಾಡಂದ್ರೆ ಬುಡು."

ಬಿಂದುಶ್ರೀ ಪೆನ್ಸಿಲ್ಲನ್ನು ಬ್ಯಾಗಿಗೆ ಹಾಕಿಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ಅತ್ತೆಗೆ ಒಂದು ಎಳನೀರು ಕೊಡಿಸಿದಳು. ಹನುಮಂತಮ್ಮ ಕುಡಿಯುತ್ತಾ, ಸ್ವಂತ ತೋಟ ಇಟ್ಟುಕೊಂಡು ಎಳನೀರು ಕೊಂಡು ಕುಡಿದಿದ್ದು ಇದೇ ಮೊದಲು ಎಂದರು.

ಅದೇ ಸಂಜೆ ಅವರು ಮಗನ ತಟ್ಟೆಗೆ ಸಾರು ಬಡಿಸುತ್ತಾ, "ಶನಿವಾರ ಬೆಳಿಗ್ಗೆ ಟೆಸ್ಟ್‌ಗೆ ಹೋಗ್ತೀಯೋ ಇಲ್ಲ ನಾನೇ ಕಿವಿ ಹಿಡ್ಕೊಂಡು ಕರ್ಕೊಂಡು ಹೋಗ್ಬೇಕೋ?" ಎಂದು ಕೇಳಿದರು. ನಾಗೇಶ್ ಅಪ್ಪನ ಕಡೆ ನೋಡಿದ. ಪುಟ್ಟರಂಗಯ್ಯ, "ನೀರು ಮಜ್ಜಿಗೆ ಹಾಕೇ," ಎಂದು ಹೆಂಡತಿಗೆ ಹೇಳಿದರು, ಅಷ್ಟೇ. ಶನಿವಾರ ನಾಗೇಶ್ ಹೋಗಿ ಬಂದ. ದೊಡ್ಡ ತೊಂದರೆಯೇನೂ ಇರಲಿಲ್ಲ, ವೀರ್ಯಾಣು ಸ್ವಲ್ಪ ಕಡಿಮೆ ಇದೆ ಎಂದು ಮೂರು ತಿಂಗಳ ಮಾತ್ರೆ ಬರೆದುಕೊಟ್ಟಿದ್ದರು, ಗುಟ್ಕಾ ಬಿಡಬೇಕೆಂದೂ ಹೇಳಿದ್ದರು. ಅಂದಿನಿಂದ ಊಟವಾದ ಮೇಲೆ ಪುಟ್ಟರಂಗಯ್ಯ ಒಂದು ತಂಬಿಗೆ ನೀರು, ಎರಡು ಲೋಟ ತಂದು ಮಗ ಸೊಸೆಯ ನಡುವೆ ಇಡುತ್ತಿದ್ದರು. ಗುಟ್ಕಾ ಮೊದಲ ವಾರವೇ ಬಿಟ್ಟುಹೋಗಲಿಲ್ಲ. ಅವನ ಪ್ಯಾಂಟು ಒಗೆಯುವಾಗ ಜೇಬಿನಲ್ಲಿ ಹನುಮಂತಮ್ಮನಿಗೆ ಸಿಕ್ಕಿತು, ಅದಕ್ಕೂ ಒಂದು ಜಗಳವಾಯಿತು.

ವಾರಗಳು ಉರುಳಿದವು. ಆಷಾಢದ ಗಾಳಿಯಲ್ಲಿ ಏರಿಯ ಮೇಲೆ ಮಾವ ಸೊಸೆ ಇಬ್ಬರ ನಡುವಿನ ಇಪ್ಪತ್ತು ಹೆಜ್ಜೆ ಹತ್ತಾಯಿತು, ಆಮೇಲೆ ಇಬ್ಬರೂ ಜೊತೆಯಾಗಿ ನಡೆದರು. ಮತ್ತೆ ಮೊಳೆಗೇರಿದ್ದ ಕ್ಯಾಲೆಂಡರಿನ ಮೇಲೆ 'ಗ್ಯಾ', 'ಕಾ' ಬಿಟ್ಟರೆ ಬೇರೆ ಹೊಸ ಗುರುತಿರಲಿಲ್ಲ. ಹನುಮಂತಮ್ಮನ ಕಣ್ಣು ಆಗಾಗ ಅಲ್ಲಿಗೆ ಹೋಗುತ್ತಿತ್ತು. ಬಾಯಿ ಮಾತ್ರ ಕೇಳುತ್ತಿರಲಿಲ್ಲ. ಜುಲೈಯಲ್ಲಿ ಒಂದು ದಿನ ಬಿಂದುಶ್ರೀಯೇ ಬಂದು, "ಅತ್ತೆ, ಮಾತ್ರೆ ಇಲ್ದೆ ತಾನಾಗೇ ಆಯ್ತು. ಇನ್ನೊಂದು ಸಲ ಹಿಂಗೇ ಆಗ್ಬೇಕು," ಎಂದಳು. ಚಾಪೆಯ ಕಡೆ ಹೋದಳು. ಇಬ್ಬರೂ ಅದನ್ನು ನೋಡಿದರು. ಆದರೆ ಆ ಮೂರು ದಿನ ಹನುಮಂತಮ್ಮ ತಮ್ಮ ತಟ್ಟೆಯನ್ನೂ ವರಾಂಡಕ್ಕೇ ತಂದು ಅವಳ ಎದುರು ಕೂತು ಉಂಡರು.

ಶ್ರಾವಣದ ಎರಡನೆಯ ಶುಕ್ರವಾರ ಸಿದ್ದಲಕ್ಷ್ಮಮ್ಮ ಮುನಿಸು ಮರೆತು ಅರಿಸಿನ ಕುಂಕುಮಕ್ಕೆ ಬಂದಿದ್ದರು. ಬೆಳಗಿನ ಹನ್ನೊಂದು ಗಂಟೆ. ಹಬ್ಬದ ವಾರವೆಂದು ಬಿಂದುಶ್ರೀ ರಜೆ ಹಾಕಿದ್ದಳು. ಬಚ್ಚಲ ಮನೆಯಿಂದ ಬಂದವಳು ನೇರವಾಗಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಎದೆ ಏರಿಳಿಯುತ್ತಿತ್ತು.

"ಅತ್ತೆ, ಆಯ್ತು. ಮೂವತ್ಮೂರನೇ ದಿನ. ತಾನಾಗೇ."

"ಅಯ್ಯೋ ಶಿವನೇ," ಸಿದ್ದಲಕ್ಷ್ಮಮ್ಮ ಹಣೆಗೆ ಕೈ ಹಚ್ಚಿದರು. "ಈ ತಿಂಗ್ಳೂ ಹೋಯ್ತಾ! ಅದೂ ಶುಕ್ರವಾರ, ಪೂಜೆ ಹೊತ್ನಲ್ಲಿ. ಹೋಗವ್ವ, ಹಿಂದಕ್ ಹೋಗಿ ಚಾಪೆ ಹಾಸ್ಕೊ."

ಬಿಂದುಶ್ರೀ ಹೋಗಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದಳು. ಬ್ಯಾಗಿನಿಂದ ತಂದಿದ್ದ ಮೋಟು ಪೆನ್ಸಿಲ್ಲಿನಿಂದ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಚುಕ್ಕೆ ಇಟ್ಟಳು. ಸಣ್ಣದಲ್ಲ, ಬೆರಳ ತುದಿಯಷ್ಟು ದಪ್ಪ, ಆಚೆ ನಡುಮನೆಗೂ ಕಾಣುವಂತೆ. ಆಮೇಲೆ ಒಲೆಯ ಮುಂದೆ ನಿಂತು, ಕುದಿಯುತ್ತಿದ್ದ ಎಸರಿಗೆ ರಾಗಿಹಿಟ್ಟು ಸುರಿದಳು.

"ಇವತ್ತು ಮುದ್ದೆ ನಾನೇ ತೊಳಸ್ತೀನಿ. ಉಣ್ಣೋರು ಉಣ್ಣಲಿ, ಬಿಡೋರು ಬಿಡ್ಲಿ."

"ಹನುಮಂತೀ!" ಸಿದ್ದಲಕ್ಷ್ಮಮ್ಮ ಕೂಗಿದರು. "ನೋಡ್ತಾ ನಿಂತಿದೀಯಲ್ಲ! ಹೇಳೇ ನಿನ್ ಸೊಸೆಗೆ!"

ಹನುಮಂತಮ್ಮ ಹಿತ್ತಲ ವರಾಂಡಕ್ಕೆ ಹೋದರು. ಗೋಡೆಗೆ ಒರಗಿದ್ದ ಈಚಲು ಚಾಪೆಯನ್ನು ಎತ್ತಿ ಬಿಸಿಲಿಗೆ ಹಾಸಿದರು. ಹಬ್ಬಕ್ಕೆಂದು ಬಟ್ಟಲಿನಲ್ಲಿ ತೊಳೆದಿಟ್ಟಿದ್ದ ಕರಿ ಎಳ್ಳನ್ನು ಅದರ ತುಂಬ ಹರವಿದರು. ಎಳ್ಳು ಆರುವ ತನಕ ಅಲ್ಲಿಯೇ ಕೂತು ಬೆಲ್ಲ ಹೆರೆದರು. ಬಾಣಲೆಗೆ ಹಾಕಿ ಘಮಘಮ ಎನ್ನುವಂತೆ ಹುರಿದರು. ಒರಳಿಗೆ ಹಾಕಿ, ಬೆಲ್ಲ ಸೇರಿಸಿ ಕುಟ್ಟತೊಡಗಿದಾಗ ಸಿದ್ದಲಕ್ಷ್ಮಮ್ಮ ಬಾಗಿಲಿಗೇ ಬಂದರು.

"ಚಿಗಳಿ ಕುಟ್ತಿದೀಯಾ? ಯಾರ ಮನೇಲಿ ಹುಡ್ಗಿ ಮೈನೆರೆದ್ಲು?"

"ನಮ್ಮನೇಲೇ ಅಕ್ಕಾ."

"ನಿಂಗೇನ್ ತಲೆ ಕೆಟ್ಟೋಗದಾ? ಆ ಚಾಪೆ ಮೇಲೆ ಒಣಗಿಸ್ದ ಎಳ್ಳು!"

"ಹೂಂ, ಅದೇ ಚಾಪೆ." ಹನುಮಂತಮ್ಮ ಒನಕೆ ನಿಲ್ಲಿಸಲಿಲ್ಲ. "ಮೊದಲ ಸಲ ಆದಾಗ ಆರತಿ ಎತ್ತಿ ಚಿಗಳಿ ತಿನ್ನಿಸ್ತೀವಿ, ಹುಡುಗಿ ಮುಂದೆ ಹೆರ್ತಾಳೆ ಅಂತ. ಇವಳಿಗೆ ಮೂರು ವರ್ಷದಲ್ಲಿ ಕೆಟ್ಟೋಗಿದ್ದು ಇವತ್ತು ಸರಿಯಾಗಿದೆ. ಸೋಮವಾರ ಡಾಕ್ಟ್ರು ಮುಂದಿನ ಮಾತ್ರೆ ಶುರು ಮಾಡ್ತಾರೆ. ಅದಕ್ಕಿಂತ ಒಳ್ಳೆ ಸುದ್ದಿ ಈ ಮನೇಲಿ ಯಾವ್ದಿದೆ? ಆವತ್ತು ಸುಳ್ಳು ಸುದ್ದಿಗೆ ಬಳೆ ತಂದ್ರಿ. ಇವತ್ತು ನಿಜವಾದ್ದಕ್ಕೆ ಬಾಯಿ ಸಿಹಿ ಮಾಡ್ಕೊಳಿ."

"ಮಗು ಆಗ್ದೇ ಹೋದ್ರೆ?"

ಒಳಗಿನಿಂದ ಮುದ್ದೆ ತೊಳಸುವ ಕೋಲಿನ ಸದ್ದು ನಿಂತಿತು.

"ಆಗ್ದಿದ್ರೆ ಆಗ ನೋಡ್ಕೊಂತೀವಿ," ಹನುಮಂತಮ್ಮ ಹೇಳಿದರು. "ಸೊಸೆ ಅಂತೂ ಇದಾಳಲ್ಲ."

ಕೋಲಿನ ಸದ್ದು ಮತ್ತೆ ಶುರುವಾಯಿತು. ಮೊದಲಿಗಿಂತ ಜೋರಾಗಿ.

ಊಟದ ಹೊತ್ತಿಗೆ ಪುಟ್ಟರಂಗಯ್ಯ ಬ್ಯಾಂಕಿನಿಂದ ಬಂದರು. ವಿಷಯ ಗೊತ್ತಾದ ಮೇಲೂ ಸೊಸೆ ಕಟ್ಟಿದ ಮುದ್ದೆಯನ್ನು ಪೂರ್ತಿ ಉಂಡು ಇನ್ನೊಂದು ಕೇಳಿದರು. ಸಿದ್ದಲಕ್ಷ್ಮಮ್ಮ ಬರೀ ಬಾಳೆಹಣ್ಣು ತಿಂದರು. ಚಿಗಳಿಯ ತಟ್ಟೆಯನ್ನು ಬಹಳ ಹೊತ್ತು ನೋಡಿ, ಕೊನೆಗೆ ಒಂದು ಉಂಡೆ ತೆಗೆದುಕೊಂಡು, "ಬೆಲ್ಲ ಜಾಸ್ತಿಯಾಯ್ತು," ಎಂದು ಪೂರ್ತಿ ತಿಂದರು.

ಮಧ್ಯಾಹ್ನದ ಬಸ್ಸಿಗೆ ಹೊರಡುವಾಗ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತರು.

"ಊರಲ್ಲಿ ಕೇಳಿದ್ರೆ ನಾನೇನ್ ಹೇಳ್ಲವ್ವ?"

ಹನುಮಂತಮ್ಮ ಒಳಗೆ ಹೋಗಿ ಸ್ಟೀಲ್ ಡಬ್ಬಿ ತಂದರು. ಅದರ ತುಂಬ ಕರಿ ಎಳ್ಳಿನ ಉಂಡೆಗಳು, ಇನ್ನೂ ಬೆಚ್ಚಗಿದ್ದವು. ಡಬ್ಬಿಯನ್ನು ಸಿದ್ದಲಕ್ಷ್ಮಮ್ಮನ ಕೈಗಿತ್ತು ಮುಚ್ಚಳ ಒತ್ತಿದರು.

"ಇದ್ದದ್ದೇ ಹೇಳಿ ಅಕ್ಕಾ. ಸೊಸೆ ಹೊರಗಾದ್ಲು, ಅತ್ತೆ ಚಿಗಳಿ ಹಂಚಿದ್ಲು ಅನ್ನಿ. ನಿಮ್ಮ ಬಾಯಿ ಡಂಗುರ ಅಲ್ಲ, ನಂಗೊತ್ತು. ಆದ್ರೂ ಕೇಳಿದೋರಿಗೆಲ್ಲ ಒಂದೊಂದು ಉಂಡೆ ಕೊಡಿ. ಯಾರನ್ನೂ ಬಿಡ್ಬೇಡಿ."